7 ಫೂಟ್ ಪರದಾ ಹೇಳಿದ್ರ 5 ಫೂಟ್ ಬಂದಾವ, ವಾಪಸ್ ತಗೊಳ್ಳಲ್ಲ ಅಂತಾರ

ಜೇವರ್ಗಿ_ರೋಡ್: ಬಾಗಲಕ್ಕ ಅಂತ ಆನ್‌ಲೈನ್‌ನ್ಯಾಗ 7 ಫೂಟಿನ ಪರದಾ ಆರ್ಡರ್ ಮಾಡಿದ್ದೆ ರೀ, ಪಾಕೀಟ್ ಮ್ಯಾಲ 7 ಅಂತನೇ ಅದ ಆದ್ರ ಒಳಗ ಕಿಡಕಿಗಿ ಹಾಕೋ 5 ಫೂಟಿಂದು. ಸೆಲ್ಲರ್‌ಗ ಕೇಳಿದ್ರ 'ನೋ ರಿಟರ್ನ್ ಐಟಂ' ಅಂತ ಒಂದೇ ಹಾಡು ಹಾಡ್ಲತ್ತಾನ. ಮುಂದಿನ ವಾರ ಮನಿ ಓಪನಿಂಗ್ ಬ್ಯಾರೆ. ಏನ್ ಮಾಡ್ಬೇಕ್ರಿ?

ಬೀದರ್_ಮಂದಿ: ಟ್ಯಾಗ್ ಹರಿಬ್ಯಾಡ್ರಿ, ಒಗಿಬ್ಯಾಡ್ರಿ. ಟೇಪ್ ಹಿಡ್ದು ಫೋಟೊ ತಗೊಂಡು ಆರ್ಡರ್ ಸ್ಕ್ರೀನ್‌ಶಾಟ್ ಜೋಡಿ ಆ್ಯಪ್‌ನ ಗ್ರೀವನ್ಸ್ ಆಫೀಸರ್‌ಗ (ದೂರು ನೋಡೋ ಅಧಿಕಾರಿಗಿ) ಮೇಲ್ ಹಾಕ್ರಿ. 2020ರ ಇ-ಕಾಮರ್ಸ್ ರೂಲ್ಸ್ ಪ್ರಕಾರ 48 ತಾಸಿನ್ಯಾಗ ದೂರು ಮುಟ್ಟೇದ ಅಂತ ಹೇಳ್ಬೇಕು, ಒಂದ್ ತಿಂಗಳ್ದಾಗ ಬಗೆಹರಿಸ್ಬೇಕು. ಹೇಳಿದ್ದೊಂದು ಕೊಟ್ಟಿದ್ದೊಂದು ಆದ್ರ ಸೆಲ್ಲರ್ ವಾಪಸ್ ತಗೊಳ್ಳಲ್ಲ ಅನ್ನಂಗಿಲ್ಲ, ನೋ ರಿಟರ್ನ್ ಅಂತ ಅವ ಬರ್ಕೊಂಡ್ರೇನ್ ಕಾನೂನ್ ಆಗ್ತದೇನು.

ಯಾದಗಿರಿ_ಅಣ್ಣ: ಅಳತಿ ಕೊಟ್ಟು ಹೊಲಿಸಿದ್ದೇನ್ರಿ? ಹಂಗಿದ್ರ ನೀವ್ ಕೊಟ್ಟ ಅಳತಿ ಬರಹದಾಗ ಇರ್ಬೇಕು, ಇಲ್ಲಾಂದ್ರ ತಪ್ಪು ನಿಮ್ದೇ ಅಂತಾರ.

ಜೇವರ್ಗಿ_ರೋಡ್: ಇಲ್ರಿ, ರೆಡಿಮೇಡ್. ಸೆಲ್ಲರ್ ಸೂರತ್‌ನವ, ಕೇಸ್ ಹಾಕ್ಲಕ್ಕ ಅಲ್ಲಿತನಕ ಯಾರ್ ಹೋಗ್ತಾರ?

ಬೀದರ್_ಮಂದಿ: ಹೋಗೋದೇ ಬ್ಯಾಡ. 2019ರ ಗ್ರಾಹಕರ ರಕ್ಷಣಾ ಕಾಯ್ದಿ ಬಂದ್ಮ್ಯಾಲ ನೀವ್ ಇರೋ ಊರಾಗೇ, ಅಂದ್ರ ಕಲಬುರಗಿ ಜಿಲ್ಲಾ ಗ್ರಾಹಕರ ಆಯೋಗದಾಗೇ ಹಾಕ್ಬೋದು. ಮಾಲಿಗಿ ಕೊಟ್ಟ ರೊಕ್ಕ 5 ಲಕ್ಷದ ತನಕ ಇದ್ರ ಫೀ ಇಲ್ಲ, ವಕೀಲರು ಬೇಕೇ ಬೇಕು ಅಂತೇನಿಲ್ಲ, 2 ವರ್ಷ ಟೈಮ್ ಅದ. ಮದ್ಲ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಹಚ್ರಿ, ಕನ್ನಡದಾಗೂ ಮಾತಾಡ್ತಾರ, ಭಾಳ ಕೇಸ್ ಅಲ್ಲೇ ಮುಗಿತಾವ.

ಯಾದಗಿರಿ_ಅಣ್ಣ: ಓಪನಿಂಗ್‌ಗಿ ಮಾತ್ರ ಸೂಪರ್ ಮಾರ್ಕೆಟ್‌ನ್ಯಾಗ ಬ್ಯಾರೆ ತಗೊಂಡ್ಬಿಡ್ರಿ, ಒಂದ್ ವಾರದಾಗ ರೊಕ್ಕ ಬರೋದು ಡೌಟೇ.