ಟಾಮಿ ಮೈವಾಸನೆ, ಮನೆಮಂದಿ ಗುಂಪು

ಸಣ್ಣತ್ತೆ: (ಹಲವು ಬಾರಿ ಫಾರ್ವರ್ಡ್ ಆಗಿದೆ) ನಾಯಿ ಮೈಯ ದುರ್ವಾಸನೆಗೆ ರಾಮಬಾಣ!! ಟೀ ಟ್ರೀ ಎಣ್ಣೆಯನ್ನು ನೇರವಾಗಿ ಮೈಗೆ ಹಚ್ಚಿ ಉಜ್ಜಿ, ಮೇಲೆ ನಿಂಬೆರಸ ಸುರಿಯಿರಿ. 5 ನಿಮಿಷದಲ್ಲಿ ವಾಸನೆ ಮಾಯ. ಡಾಕ್ಟರುಗಳು ಇದನ್ನು ಹೇಳುವುದಿಲ್ಲ. ಎಲ್ಲ ಗುಂಪಿಗೂ ಕಳಿಸಿ 🙏🙏

ಸಣ್ಣತ್ತೆ: ಯಾರಿಗೆ ಅಂತ ನಾನು ಹೇಳಲ್ಲ. ಹೋದ ಸಲ ಬಂದಾಗ ಬಟ್ಟೆಗೆ ಅಂಟಿದ್ದು ಒಗೆದರೂ ಹೋಗಿಲ್ಲ.

ಅಕ್ಕ: ನಮ್ಮ ಟಾಮಿ ಅಂತ ನೇರವಾಗೇ ಹೇಳಿ ಅತ್ತೆ.

ದೊಡ್ಡಪ್ಪ: ಪ್ರಾಣಿ ತಂದುಕೊಳ್ಳೋದು ಸುಲಭ. ತಂದ ಮೇಲೆ ಶುಚಿಯಾಗಿ ಇಟ್ಕೋಬೇಕು. ಈಗಿನವರಿಗೆ ಫೋಟೋ ಹಾಕೋದರಲ್ಲಿರೋ ಶ್ರದ್ಧೆ ಮೈ ತೊಳೆಸೋದರಲ್ಲಿಲ್ಲ. ದಿನಾ ಸೋಪು ಹಾಕಿ ನೋಡಿ, ವಾಸನೆ ಎಲ್ಲಿಂದ ಬರುತ್ತೆ?

ನಾನು: ಅಕ್ಕ, ಆ ಎಣ್ಣೆ ಹಚ್ಚಲೇಬೇಡ. ಅಪ್ಪಟ ಟೀ ಟ್ರೀ ಎಣ್ಣೆ ನಾಯಿಗೆ ವಿಷ. ಚರ್ಮದಿಂದಲೇ ಒಳಗೆ ಇಳಿಯುತ್ತೆ, ಮೈ ನೆಕ್ಕಿಕೊಂಡಾಗ ಹೊಟ್ಟೆಗೂ ಹೋಗುತ್ತೆ. ನಿಶ್ಶಕ್ತಿ, ನಡುಕ, ನೆಟ್ಟಗೆ ನಡೆಯೋಕಾಗದೆ ತೂರಾಡೋದು. ಅತ್ತೆ, ಇದನ್ನ ಬರೆದಿದ್ದು ಯಾರು? ಯಾವ ಪಶುವೈದ್ಯರು?

ಸಣ್ಣತ್ತೆ: ಶುರುವಾಯ್ತು ನೋಡು. ಮೊಬೈಲ್ ಸಿಡಿಯುತ್ತೆ ಅನ್ನೋದನ್ನ ಹಾಕಿದಾಗಲೂ ಎಲ್ಲರೆದುರು ಹೀಗೇ ಕೇಳಿದೆ.

ನಾನು: ಅದು ಸುಳ್ಳೇ ಆಗಿತ್ತಲ್ಲ ಅತ್ತೆ.

ಸಣ್ಣತ್ತೆ: ಸುಳ್ಳೋ ನಿಜವೋ, ಹೇಳೋ ರೀತಿ ಅಂತ ಒಂದಿರುತ್ತೆ.

ಪುಟ್ಟಣ್ಣ: ನಮ್ಮ ರಾಜ ನೆನಪಿದಾನಾ? ಮಳೇಲಿ ನೆನೆದು ಬಂದು ಸೀದಾ ಅಜ್ಜಿ ಮಂಚದ ಕೆಳಗೆ! ಆ ವಾಸನೆ ಬಂದ್ರೆ ಇವತ್ತಿಗೂ ರಜೆ ಶುರುವಾಯ್ತು ಅನಿಸುತ್ತೆ ❤️

ದೊಡ್ಡಪ್ಪ: ರಾಜನ ಮೈ ತೊಳೀತಿದ್ದದ್ದು ನಾನು. ನಿಮ್ಮಪ್ಪ ದೂರ ನಿಂತು ನೋಡ್ತಿದ್ದ.

ಪುಟ್ಟಣ್ಣ: ಅಪ್ಪ ಇದನ್ನೇ ಉಲ್ಟಾ ಹೇಳ್ತಾರೆ ದೊಡ್ಡಪ್ಪ.

ಅಕ್ಕ: ಟಾಮಿ ವಿಷಯ ಯಾರಾದ್ರೂ ಮಾತಾಡ್ತೀರಾ? ವಾರಕ್ಕೆರಡು ಸಲ ನಮ್ಮ ಶಾಂಪೂನಲ್ಲೇ ಸ್ನಾನ ಮಾಡಿಸ್ತೀನಿ. ಮಾರನೇ ದಿನ ಮತ್ತೆ ಅದೇ.

ನಾನು: ನಮ್ಮ ಶಾಂಪೂ ಬಿಡು. ನಮ್ಮ ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) 5.5ರ ಆಸುಪಾಸು, ನಾಯಿಯದು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು, 7ರ ಹತ್ತಿರ. ನಮ್ಮದು ಅದಕ್ಕೆ ಒಗ್ಗಲ್ಲ. ದಿನಾ ಸೋಪು ಹಾಕಿದ್ರೂ ಚರ್ಮದ ಎಣ್ಣೆ ಪಸೆ ಹೋಗಿ ಒಣಗಿ ಕೆರೆತ ಶುರುವಾಗುತ್ತೆ ದೊಡ್ಡಪ್ಪ. ಒದ್ದೆ ನಾಯಿ ನಾರೋದು ಯಾಕೆ ಅಂದ್ರೆ, ಮೈಮೇಲಿರೋ ಬ್ಯಾಕ್ಟೀರಿಯಾ, ಯೀಸ್ಟ್ ಬಿಡೋ ಪದಾರ್ಥಗಳು ನೀರು ತಾಗಿದಾಗ ಗಾಳಿಗೆ ಸೇರ್ತವೆ. ಅದಕ್ಕೇ ಸ್ನಾನಕ್ಕಿಂತ ಒಣಗಿಸೋದು ಮುಖ್ಯ, ಕೂದಲ ಬುಡದ ತನಕ. ಮೊದಲು ಬಾಚಿ ಉದುರೋ ಕೂದಲು ತೆಗಿ, ಆಮೇಲೆ ನಾಯಿ ಶಾಂಪೂ. ಹಾಸಿಗೆ, ಕತ್ತುಪಟ್ಟಿ ಅವತ್ತೇ ಒಗೆ. ತೊಳೆದ ನಾಯಿ ಹಳೇ ಹಾಸಿಗೆ ಮೇಲೇ ಹೊರಳಾಡಿದರೆ ಏನು ಬಂತು?

ಅಕ್ಕ: ವಾಸನೆ ಕಿವಿ ಹತ್ತಿರ ಜಾಸ್ತಿ ಕಣೋ. ತಲೆ ಕೊಡವ್ತಾನೇ ಇರ್ತಾನೆ.

ನಾನು: ಇದನ್ನ ಮೊದಲೇ ಹೇಳಬಾರದಾ! ಕಿವಿ ಸೋಂಕು ಇರಬಹುದು. ಅದು ಯಾವ ಸ್ನಾನಕ್ಕೂ ಹೋಗಲ್ಲ, ಡಾಕ್ಟರಿಗೆ ತೋರಿಸು. ಹಿಂದುಗಡೆಯಿಂದ ಮೀನಿನ ವಾಸನೆ ಬಂದರೆ ಗುದದ ಪಕ್ಕದ ಗ್ರಂಥಿಗಳನ್ನೂ ನೋಡೋಕೆ ಹೇಳು.

ದೊಡ್ಡಪ್ಪ: ಗುಂಪಿನಲ್ಲಿ ಹಿರಿಯರಿದ್ದಾರೆ. ನೋಡ್ಕೊಂಡು ಬರಿ.

ಸಣ್ಣತ್ತೆ: ನಾನು ಮೆಸೇಜ್ ಹಾಕಿದ್ದಕ್ಕೇ ಅಲ್ವಾ ಕಿವಿ ವಿಷಯ ಹೊರಗೆ ಬಂದಿದ್ದು?

ನಾನು: ಹೌದು ಅತ್ತೆ. ಈಗ ಅದನ್ನ ಅಳಿಸಿ. ಬೇರೆ ಗುಂಪಿಗೆ ಹಾಕಿದ್ದರೆ ಅಲ್ಲೂ.

ಸಣ್ಣತ್ತೆ: ಅಪಾರ್ಟ್‌ಮೆಂಟ್ ಗುಂಪಿಗೆ ಹಾಕಾಯ್ತು. ಅಲ್ಲಿ ಎಲ್ಲರೂ ಥ್ಯಾಂಕ್ಸ್ ಹೇಳಿದಾರೆ. ಇಲ್ಲಿ ಮಾತ್ರ ವಿಚಾರಣೆ.

ನಾನು: ಅಲ್ಲಿ ನಾಯಿ ಇರೋರಿಗೆ ಈಗಲೇ ಫೋನ್ ಮಾಡಿ ಅತ್ತೆ, ದಯವಿಟ್ಟು. ಹಚ್ಚಿಬಿಟ್ಟಿದ್ದರೆ ತಡಮಾಡದೆ ಪಶುವೈದ್ಯರಿಗೆ ಫೋನ್ ಮಾಡಬೇಕು. ನಡುಕ ಬರಲಿ ಅಂತ ಕಾಯಬಾರದು.

ಪುಟ್ಟಣ್ಣ: ರಾಜನ ಫೋಟೋ ಯಾರ ಹತ್ರ ಇದೆ?

ಅಕ್ಕ: ನಾಳೆ ಬೆಳಿಗ್ಗೆ ಬರೋಕೆ ಹೇಳಿದಾರೆ ಡಾಕ್ಟರ್. ಅತ್ತೆ, ಮೆಸೇಜ್ ಇನ್ನೂ ಇದೆ.

ಸಣ್ಣತ್ತೆ: ಅಳಿಸೋದು ಹೇಗೆ ಅಂತ ಯಾರಾದ್ರೂ ಹೇಳಿಕೊಟ್ಟರೆ ತಾನೇ?