ಪದಚರ್ಚೆ: ‘ಪರ್ಮಿಷನ್ ಡಿನೈಡ್’ – ನಿರಾಕರಿಸಿದ್ದು ಯಾರು?

ಬಳಗಕ್ಕೆ ನಮಸ್ಕಾರ.

ಸೋಮವಾರ ಬೆಳಗ್ಗೆ ಹತ್ತರೊಳಗೆ ಆರು ಪದ, ಒಂದು ಸಾಲು ಕೊಡಬೇಕು, ಅದಕ್ಕೇ ಅವಸರ. ಸಹಕಾರ ಸಂಘಗಳಿಗೆ ಲೆಕ್ಕಪತ್ರದ ತಂತ್ರಾಂಶ ಮಾಡುವವರೊಬ್ಬರಿಗೆ ಕನ್ನಡ ಮಾಡಿಕೊಡುತ್ತೇನೆ. ಒಳಗಿರುವ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರ ತಪ್ಪಿನ ಸಂದೇಶಗಳನ್ನು ಎರಡು ವರ್ಷದ ಹಿಂದೆ ಕನ್ನಡಕ್ಕೆ ತಂದವಳು ನಾನೇ. ‘ಪರ್ಮಿಷನ್ ಡಿನೈಡ್’ ಬಂದಲ್ಲೆಲ್ಲ ಕಣ್ಣುಮುಚ್ಚಿಕೊಂಡು ‘ಅನುಮತಿ ನಿರಾಕರಿಸಲಾಗಿದೆ’ ಎಂದು ಹಾಕಿದ್ದೆ.

ಈ ಏಪ್ರಿಲ್‌ನಲ್ಲಿ ಒಂದು ಸಂಘದವರು ಹೊಸ ಶಾಖೆ ತೆರೆದರು. ಅದಕ್ಕೆಂದು ಹೊಸ ಸರ್ವರ್, ಹೊಸ ಡೇಟಾಬೇಸ್. ಅಲ್ಲಿನ ಕಾರ್ಯದರ್ಶಿ ‘ಹೊಸ ವರ್ಷದ ಲೆಡ್ಜರ್ ತೆರೆ’ ಒತ್ತಿದರೆ ಕೆಂಪು ಪಟ್ಟಿಯಲ್ಲಿ ನನ್ನ ಸಾಲು ಬಂತು. ಅವರದು ಅಡ್ಮಿನ್ ಲಾಗಿನ್. ಅಡ್ಮಿನ್‌ಗೇ ನಿರಾಕರಣೆ ಅಂದರೆ ಇದು ಮೇಲಿನವರದ್ದೇ ಕೆಲಸ ಅಂದುಕೊಂಡು, ಲೆಟರ್‌ಹೆಡ್ಡಿನಲ್ಲಿ ‘ಉಲ್ಲೇಖ: ಕಂಪ್ಯೂಟರ್ ಸಂದೇಶ’ ಎಂದು ಹಾಕಿ, ‘ಸದರಿ ಅನುಮತಿಯನ್ನು ನಿರಾಕರಿಸಲು ಕಾರಣ ತಿಳಿಸಬೇಕಾಗಿ ವಿನಂತಿ’ ಎಂದು ಮೇಲಿನ ಕಚೇರಿಗೆ ಬರೆದೇಬಿಟ್ಟರು. ಸೀಲು, ಸಹಿ ಎಲ್ಲ ಇತ್ತು. ನಾಲ್ಕು ದಿನ ಉತ್ತರಕ್ಕೆ ಕಾದರು. ಆ ಪತ್ರದ ಫೋಟೋ ವಾಟ್ಸಾಪಿನಲ್ಲಿ ಸುತ್ತಿ ನನ್ನವರೆಗೂ ಬಂತು. ಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ.

ಯಾಕೆಂದರೆ ಯಾರೂ ಏನನ್ನೂ ನಿರಾಕರಿಸಿರಲಿಲ್ಲ. ಕೊಡಬೇಕಾದ್ದನ್ನು ಕೊಡಲು ಮರೆತಿದ್ದರು, ಅಷ್ಟೆ.

ಬೇಕಿರುವ ಪದಗಳು: ಪರ್ಮಿಷನ್, ಪ್ರಿವಿಲೇಜ್, ರೋಲ್, ಗ್ರಾಂಟ್, ಓನರ್, ಅಡ್ಮಿನಿಸ್ಟ್ರೇಟರ್. ಯಂತ್ರಾನುವಾದಕ್ಕೆ ಕೊಟ್ಟೆ, ‘ಬಳಕೆದಾರರಿಗೆ ಪಾತ್ರವನ್ನು ಅನುದಾನ ಮಾಡಿ’ ಅಂತು. ಸಂಘದವರಿಗೆ ‘ಅನುದಾನ’ ಅಂದರೆ ಎಷ್ಟು ಲಕ್ಷ ಅಂತ ಕೇಳುತ್ತಾರೆ. ದಯವಿಟ್ಟು ಚಿಕ್ಕ ಪದ ಕೊಡಿ, ಗುಂಡಿಯ ಮೇಲೆ ಹಿಡಿಸಬೇಕು.

– ತುಮಕೂರಿನಿಂದ

*

ಮರು:

ಮೇಡಂ, ಇದಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ‘ಪರವಾನಗಿ’ ಅನ್ನೂ ಶಬ್ದ ಪೇಶ್ವೇರ ಕಾಲದಿಂದ ನಮ್ಮ ಕಡೆ ಬಾಯಾಗ ಐತಿ. ‘ಪರವಾನಗಿ ಇಲ್ಲ’ ಅಂತ ಬರೀರಿ, ಮುಗೀತು. ಮತ್ತ ಅಡ್ಮಿನಿಸ್ಟ್ರೇಟರ್‌ಗೆ ‘ನಿರ್ವಾಹಕ’ ಅಂತ ಮಾತ್ರ ಹಾಕಬ್ಯಾಡ್ರಿ. ನಿರ್ವಾಹಕ ಅಂದ್ರ ಬಸ್ಸಿನ್ಯಾಗ ಟಿಕೆಟ್ ಹರಿಯಾಂವ. ಚಾಲಕ ಅಂತ ಇನ್ನೊಬ್ಬಾಂವ ಎಲ್ಲಿ ಅಂತ ಕೇಳ್ತಾರ.

– ಧಾರವಾಡ, ನಿವೃತ್ತ ಮಾಸ್ತರ

*

ಮರು: ಮರು:

ಮಾಸ್ತರೇ, ತಂತ್ರಾಂಶದಲ್ಲಿ ‘ಪರವಾನಗಿ’ ಅಂದರೆ ಲೈಸೆನ್ಸ್. ಆ ಜಾಗ ಆಗಲೇ ಭರ್ತಿ. ನಡೆಯಲ್ಲ.

ಹದಿನೈದು ವರ್ಷದಿಂದ ಡೇಟಾಬೇಸ್ ನೋಡಿಕೊಳ್ಳೋದೇ ನನ್ನ ಕೆಲಸ. ಪದಕ್ಕಿಂತ ಮೊದಲು ಆಗಿದ್ದೇನು ಅಂತ ಹೇಳಿಬಿಡ್ತೀನಿ. ಆ ಅಡ್ಮಿನ್ ಲಾಗಿನ್‌ಗೆ ಯಾರೋ ‘ಡೇಟಾಬೇಸ್ ಮೇಲೆ ಗ್ರಾಂಟ್ ಆಲ್’, ಅಂದರೆ ಎಲ್ಲ ಹಕ್ಕೂ ಕೊಡು, ಅಂತ ಕೊಟ್ಟಿರ್ತಾರೆ. ಆಲ್ ಅಂದ ಮಾತ್ರಕ್ಕೆ ಎಲ್ಲ ಬರಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಡೇಟಾಬೇಸ್ ಮಟ್ಟದಲ್ಲಿ ಕೊಡೋಕೆ ಇರೋದೇ ಮೂರು: ಒಳಗೆ ಬರೋದು, ಹೊಸ ಸ್ಕೀಮಾ (ಟೇಬಲ್‌ಗಳನ್ನ, ಅಂದರೆ ಮಾಹಿತಿಯ ಕೋಷ್ಟಕಗಳನ್ನ ಇಡೋ ವಿಭಾಗ) ಮಾಡೋದು, ತಾತ್ಕಾಲಿಕ ಟೇಬಲ್ ಮಾಡೋದು. ‘ಪಬ್ಲಿಕ್’ ಅನ್ನೋ ಸ್ಕೀಮಾದಲ್ಲಿ ನಿಜವಾದ ಟೇಬಲ್ ಮಾಡೋಕೆ ಬೇರೆ ಹಕ್ಕು ಬೇಕು. ಮೊದಲು ಅದು ಎಲ್ಲರಿಗೂ ತಾನಾಗೇ ಇರ್ತಿತ್ತು. 2022ರ ಅಕ್ಟೋಬರಿನಲ್ಲಿ ಬಂದ 15ನೇ ಆವೃತ್ತಿಯಲ್ಲಿ ನಿಲ್ಲಿಸಿದ್ರು. ಹಳೇ ಡೇಟಾಬೇಸನ್ನ ಹೊಸ ಆವೃತ್ತಿಗೆ ಏರಿಸಿದ್ರೆ ಹಳೇ ಹಕ್ಕು ಹಾಗೇ ಉಳಿಯುತ್ತೆ, ಹೊಸದಾಗಿ ಸೃಷ್ಟಿಸಿದ್ದಕ್ಕೆ ಮಾತ್ರ ಹೊಸ ನಿಯಮ. ಹಳೇ ಶಾಖೆಗಳೆಲ್ಲ ನಡೀತಿವೆ, ಹೊಸ ಶಾಖೆ ಮಾತ್ರ ಕೈಕೊಟ್ಟಿದೆ ಅಂದರೆ ಇದೇ. ಸ್ಕೀಮಾ ಮೇಲೆ ‘ಕ್ರಿಯೇಟ್’ ಹಕ್ಕು ಕೊಟ್ಟರೆ ಲೆಡ್ಜರ್ ತೆರೆಯುತ್ತೆ.

ಪ್ರಿವಿಲೇಜ್, ಪರ್ಮಿಷನ್ ಎರಡಕ್ಕೂ ಒಂದೇ ಪದ ಸಾಕು. ಪೋಸ್ಟ್‌ಗ್ರೆಸ್‌ನ ಕೈಪಿಡಿ ‘ಪ್ರಿವಿಲೇಜ್’ ಅನ್ನುತ್ತೆ, ಅದೇ ವಸ್ತುವಿಗೆ ತಪ್ಪಿನ ಸಂದೇಶ ‘ಪರ್ಮಿಷನ್’ ಅನ್ನುತ್ತೆ. ಅವರ ಗೊಂದಲವನ್ನ ನಾವ್ಯಾಕೆ ಹೊರಬೇಕು?

– ಬೆಂಗಳೂರು

*

ಮರು: ಮರು:

ಪ್ರಿವಿಲೇಜ್ ಎಂಬುದಕ್ಕೆ ‘ವಿಶೇಷಾಧಿಕಾರ’ ಎಂಬ ಶುದ್ಧವಾದ, ಅರ್ಥಸ್ಪಷ್ಟತೆಯುಳ್ಳ ಪದವಿದೆ. ಎರಡನ್ನು ಒಂದು ಮಾಡುವುದು ಅನುವಾದವಲ್ಲ, ಆಲಸ್ಯ.

ಬೆಂಗಳೂರಿನವರು ‘ಹಕ್ಕು’ ಎಂದು ಬಳಸಿದ್ದನ್ನು ಗಮನಿಸಿದೆ. ವಿಧಾನಮಂಡಲದ ‘ಹಕ್ಕುಚ್ಯುತಿ’ಯ ಉದಾಹರಣೆ ತರುತ್ತಾರೆಂದು ಮುಂಚಿತವಾಗಿಯೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಸಂಸ್ಕೃತವಲ್ಲದ ಪದವನ್ನು ಸಂಸ್ಕೃತದೊಡನೆ ಕೂಡಿಸಿದ್ದು. ತಪ್ಪೊಂದು ಸದನದಲ್ಲಿ ನಿಂತು ಮಾತಾಡಿದರೆ ಸರಿಯಾಗುವುದಿಲ್ಲ.

– ಉಡುಪಿ

*

ಮರು: ಮರು:

ವಿಶೇಷಾಧಿಕಾರ! ಗುಂಡಿಯ ಮೇಲೆ ಹಿಡಿಸಬೇಕು ಎಂದು ಕೇಳಿದವರಿಗೆ ಆರಕ್ಕರದ ಸಂಸ್ಕ್ರುತ. ಓದುವವರು ಸಂಗದ ಗುಮಾಸ್ತರು, ಪಂಡಿತರಲ್ಲ. ನಮ್ಮದೇ ಆದ ಅಚ್ಚಗನ್ನಡದ ‘ಹಕ್ಕು’ ಇರುವಾಗ ಹೊರಗಿನಿಂದ ಯಾಕೆ ತರಬೇಕು?

– ಮಯ್ಸೂರು

*

ಮರು: ಮರು:

ಅಚ್ಚಗನ್ನಡ ಅಂತೀರಲ್ರೀ! ‘ಹಕ್ಕು’ ಅರಬ್ಬಿ ‘ಹಕ್’. ಮೆಕ್ಕಾದಿಂದ ಮೈಸೂರಿಗೆ ಬಂದೈತಿ. ಕಿಟೆಲ್ ಸಾಹೇಬರು 1894ರಾಗ ನಿಘಂಟು ಅಚ್ಚು ಹಾಕಿಸ್ಯಾರ, ಒಮ್ಮೆ ತಗದು ನೋಡ್ರಿ. ನನ್ನ ‘ಪರವಾನಗಿ’ ಪಾರ್ಸಿ ಅಂತ ನಾ ಒಪ್ಪಿಕೋತೀನಿ. ನಿಮ್ಮದು ಟೋಪಿ ಬದಲಿಸಿ ಕುಂತೈತಿ, ಅಷ್ಟ ಫರಕು. ಮಹಾಪ್ರಾಣ ತಗದ್ರ ಅರಬ್ಬಿ ಕನ್ನಡ ಆಗೂದಿಲ್ಲ.

– ಧಾರವಾಡ

*

ಮರು: ಮರು:

ಸರಿ, ಹಾಗಿದ್ದರೆ ‘ಅಣತಿ’.

– ಮಯ್ಸೂರು

*

ಮರು: ಮರು:

‘ಅಣತಿ’ ಎಂಬುದು ‘ಆಜ್ಞಪ್ತಿ’ಯ ತದ್ಭವ. ‘ಆಣೆ’ಯೂ ‘ಆಜ್ಞೆ’ಯದೇ. ಕೇಶಿರಾಜನ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣವನ್ನು ಓದದೆ ಅಚ್ಚಗನ್ನಡ ಹುಡುಕಲು ಹೊರಟರೆ ಹೀಗೇ ಆಗುವುದು. ಮುಂದೆ ‘ಅಪ್ಪಣೆ’ಯನ್ನು ತರಬೇಡಿ, ಅದರ ವಿಚಾರವನ್ನೂ ಹೇಳಬೇಕಾದೀತು.

– ಉಡುಪಿ

*

ಮರು: ಮರು:

ಅಣತಿ, ಅಪ್ಪಣೆ ಎರಡೂ ಕಮಾಂಡ್ ಆಗುತ್ತವೆ ಸ್ವಾಮಿ. ಪರ್ಮಿಷನ್ ಅಲ್ಲ. ಅಪ್ಪಣೆ ಕೊಡೋದು ಬಳಕೆದಾರ, ಪಾಲಿಸೋದು ಡೇಟಾಬೇಸ್. ತಿರುವುಮುರುವಾಗುತ್ತೆ.

ಹಕ್ಕು ಎಲ್ಲಿಂದ ಬಂದಿದ್ದರೇನು? ಹಕ್ಕುಪತ್ರ ಅಂದರೆ ಹಳ್ಳಿಯಲ್ಲಿ ಅರ್ಥವಾಗದವರು ಯಾರಿದ್ದಾರೆ? ಸಂಘದ ಕಾರ್ಯದರ್ಶಿ ದಿನಾ ಮುಟ್ಟೋದು ಖಾತೆ, ಪಹಣಿ, ಜಮೀನು, ವಸೂಲಿ, ಬಾಕಿ. ಇದರಲ್ಲಿ ಎಷ್ಟನ್ನ ಅಚ್ಚಗನ್ನಡ ಮಾಡ್ತೀರಿ? ಒಂದು ಸೋಮವಾರ ಸಾಲಲ್ಲ.

– ಬೆಂಗಳೂರು

*

ಮರು: ಮರು:

ನಿನ್ನೆ ಸರ್ವರ್ ನೋಡಿಕೊಳ್ಳುವ ಹುಡುಗನಿಗೆ ಬೆಂಗಳೂರಿನವರ ಮಾತು ಹೇಳಿದೆ. ಸ್ಕೀಮಾ ಮೇಲೆ ಕೊಟ್ಟ, ಲೆಡ್ಜರ್ ತೆರೆಯಿತು. ಕೃತಜ್ಞಳು. ಆದರೆ ಈಗ ಗುಮಾಸ್ತರ ಲಾಗಿನ್‌ನಲ್ಲಿ ಅದೇ ಲೆಡ್ಜರ್ ಓದಲು ಹೋದರೆ ಮತ್ತೆ ಅದೇ ಕೆಂಪು ಪಟ್ಟಿ.

ಇನ್ನು ‘ರೋಲ್’. ‘ಪಾತ್ರ’ ಎಂದು ಹಾಕಿದರೆ ‘ನಿಮ್ಮ ಪಾತ್ರ ಖಾಲಿಯಿದೆ’ ಎಂಬ ಸಂದೇಶ ಹುಟ್ಟುತ್ತದೆ. ತೊಳೆದಿಡಬೇಕೋ ತುಂಬಿಸಬೇಕೋ?

– ತುಮಕೂರು

*

ಮರು: ಮರು:

ಮೇಡಂ, ಲೆಡ್ಜರ್ ಟೇಬಲ್ಲನ್ನ ಮಾಡಿದ್ದು ಕಾರ್ಯದರ್ಶಿ ಲಾಗಿನ್, ಹಾಗಾಗಿ ಅದರ ಒಡೆಯ ಅವರೇ. ಮಿಕ್ಕವರಿಗೆ ಅವರು ಕೊಡಬೇಕು. ‘ಮುಂದೆ ಆಗೋ ಟೇಬಲ್ಲಿಗೂ ಗುಮಾಸ್ತರಿಗೆ ಓದೋ ಹಕ್ಕಿರಲಿ’ ಅಂತ ಮೊದಲೇ ಬರೆದಿಡೋ ವ್ಯವಸ್ಥೆ ಇದೆ. ಆದರೆ ಅದು ಯಾರ ಹೆಸರಿನಲ್ಲಿ ಬರೆದಿದೆಯೋ ಅವರು ಮಾಡೋ ಟೇಬಲ್ಲಿಗೆ ಮಾತ್ರ ಲಾಗೂ. ನಿಮ್ಮ ಹುಡುಗ ತನ್ನ ಹೆಸರಲ್ಲಿ ಬರೆದಿಟ್ಟು ನಿಶ್ಚಿಂತೆಯಾಗಿರ್ತಾನೆ. ಎಲ್ಲರೂ ಎಡವೋ ಕಲ್ಲು ಇದು.

ರೋಲ್‌ಗೆ ‘ಹುದ್ದೆ’. ಇದಕ್ಕಿಂತ ಒಳ್ಳೇದು ಸಿಗಲ್ಲ. ಹಕ್ಕನ್ನ ಹುದ್ದೆಗೆ ಕೊಡ್ತೀವಿ, ಹುದ್ದೆಯನ್ನ ಮನುಷ್ಯನಿಗೆ ಕೊಡ್ತೀವಿ. ಮನುಷ್ಯ ವರ್ಗವಾಗಿ ಹೋಗ್ತಾನೆ, ಹುದ್ದೆ ಉಳಿಯುತ್ತೆ. ಮೈಎಸ್‌ಕ್ಯೂಎಲ್ ಅನ್ನೋ ಇನ್ನೊಂದು ಡೇಟಾಬೇಸಿನ 8ನೇ ಆವೃತ್ತಿಯಲ್ಲಂತೂ ಈ ಹೋಲಿಕೆ ಕೂತೇಬಿಡುತ್ತೆ: ರೋಲ್ ಕೊಟ್ಟಿರ್ತೀವಿ, ಆದರೂ ಬಳಕೆದಾರ ಲಾಗಿನ್ ಆದಾಗ ಅದು ತಾನಾಗಿ ಚಾಲೂ ಆಗಿರಲ್ಲ, ಡೀಫಾಲ್ಟ್ ರೋಲ್ ಅಂತ ಬೇರೆಯಾಗಿ ಹೇಳಬೇಕು. ಆರ್ಡರ್ ಕೈಯಲ್ಲಿದೆ, ಚಾರ್ಜ್ ತಗೊಂಡಿಲ್ಲ. ಸರ್ಕಾರಿ ಕೆಲಸದಲ್ಲಿರೋ ಯಾರಿಗೆ ಬೇಕಾದರೂ ಇದನ್ನ ಒಂದು ನಿಮಿಷದಲ್ಲಿ ಹೇಳಿಕೊಡಬಹುದು.

– ಬೆಂಗಳೂರು

*

ಮರು: ಮರು:

‘ಹುದ್ದೆ’ನೂ ಅರಬ್ಬಿ, ‘ಉಹ್ದಾ’. ಮೈಸೂರವರಿಗೆ ತಿಳಿಸೂ ಸಲುವಾಗಿ ಅಷ್ಟ ಬರದೀನಿ.

– ಧಾರವಾಡ

*

ಮರು: ಮರು:

ತಿಳಿದಿದೆ. ಹುದ್ದೆ, ಹಕ್ಕು ಎರಡೂ ಕನ್ನಡದ ಬಾಯಿಯಲ್ಲಿ ಸವೆದು ಉಕಾರ, ಎಕಾರ ಹಚ್ಚಿಕೊಂಡು ನಮ್ಮವಾಗಿವೆ. ನನ್ನ ಸಿಟ್ಟು ಎರವಲಿನ ಮೇಲಲ್ಲ, ನಾಲಿಗೆಗೆ ಹೊರೆಯಾಗುವ ಎರವಲಿನ ಮೇಲೆ. ಈ ವ್ಯತ್ಯಾಸ ಮಾಡದೆ ನಗುವುದು ಸುಲಬ.

– ಮಯ್ಸೂರು

*

ಮರು: ಮರು:

ಸಂಸ್ಕೃತದಿಂದ ಬಂದರೆ ಹೊರೆ, ಅರಬ್ಬಿಯಿಂದ ಬಂದರೆ ಸವೆತ! ನಿಮ್ಮ ಪತ್ರದಲ್ಲಿಯೇ ‘ವ್ಯತ್ಯಾಸ’ ಎಂದು ಬರೆದಿದ್ದೀರಿ. ಇರಲಿ.

ಓನರ್‌ಗೆ ‘ಒಡೆಯ’ ಎಂಬುದನ್ನು ನಾನು ಒಪ್ಪುತ್ತೇನೆ. ‘ಮಾಲೀಕ’ ಬೇಡ. ನಮ್ಮ ಕರಾವಳಿಯಲ್ಲಿ ಚಾಲಗೇಣಿಯವನು, ಎಂದರೆ ಒಡೆತನವಿಲ್ಲದ ಗೇಣಿದಾರ, ಉಳುತ್ತಿದ್ದ, ನೆಡುತ್ತಿದ್ದ, ಕೊಯ್ಯುತ್ತಿದ್ದ. ಗದ್ದೆ ಮಾರುವುದಕ್ಕೆ ಒಡೆಯನೇ ಬೇಕಿತ್ತು. ಡೇಟಾಬೇಸಿನಲ್ಲಿಯೂ ಅಂತಹ ಭೇದವುಂಟೇ?

– ಉಡುಪಿ

*

ಮರು: ಮರು:

ಉಂಟು ಸರ್, ಹಾಗೇ ಉಂಟು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಟೇಬಲ್ಲಿನ ಮೇಲೆ ಇರೋಬರೋ ಹಕ್ಕೆಲ್ಲ ಕೊಟ್ಟರೂ ಅದರ ರಚನೆ ಬದಲಿಸೋಕೆ, ಅದನ್ನ ಅಳಿಸಿಹಾಕೋಕೆ ಒಡೆತನವೇ ಬೇಕು. ‘ಟೇಬಲ್ಲಿನ ಒಡೆಯರಾಗಿರಬೇಕು’ ಅಂತ ಬೇರೆ ಸಂದೇಶವೇ ಬರುತ್ತೆ. ಗೇಣಿಯ ಹೋಲಿಕೆಯನ್ನ ನಾಳೆಯಿಂದ ನಾನೂ ಬಳಸ್ತೀನಿ.

ಈಗ ಮುಖ್ಯ ವಿಷಯ, ಯಾರೂ ಮುಟ್ಟಿಲ್ಲ. ತಕರಾರು ‘ಅನುಮತಿ’ಯದಲ್ಲ, ‘ನಿರಾಕರಿಸಲಾಗಿದೆ’ಯದು. ಕಚೇರಿ ಕನ್ನಡದಲ್ಲಿ ‘ಲಾಗಿದೆ’ ಹಿಂದೆ ಯಾವಾಗಲೂ ಒಬ್ಬ ಸಾಹೇಬರಿರ್ತಾರೆ. ಮಂಜೂರು ಮಾಡಲಾಗಿದೆ, ವಜಾ ಮಾಡಲಾಗಿದೆ, ನಿರಾಕರಿಸಲಾಗಿದೆ. ಓದಿದವರು ಆ ಸಾಹೇಬರನ್ನ ಹುಡುಕಿಕೊಂಡು ಹೋದರು. ಅವರದ್ದೇನು ತಪ್ಪು?

ನಿಜವಾದ ನಿರಾಕರಣೆ ಬೇರೆ ಇದೆ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸಿನಲ್ಲಿ ಗ್ರಾಂಟ್ ಜೊತೆ ‘ಡಿನೈ’ ಅನ್ನೋ ಆಜ್ಞೆ ಇದೆ. ಬಳಕೆದಾರನಿಗೆ ಒಂದು ಹುದ್ದೆಯಿಂದ ಹಕ್ಕು ಬಂದಿರಲಿ, ಇನ್ನೊಂದರಿಂದ ಡಿನೈ ಇದ್ದರೆ ಡಿನೈ ಗೆಲ್ಲುತ್ತೆ. ಅಲ್ಲಿ ಬೇಕೆಂದೇ ಒಬ್ಬರು ಬೇಡ ಅಂದಿರ್ತಾರೆ. ‘ನಿರಾಕರಣೆ’ಯನ್ನ ಅದಕ್ಕೆ ಮೀಸಲಿಡಿ. ಕೊಡದೇ ಇರೋದು ಬೇರೆ, ಕೊಡಲ್ಲ ಅನ್ನೋದು ಬೇರೆ.

ಒರಾಕಲ್ ಡೇಟಾಬೇಸ್ ಇನ್ನೂ ಜಾಣ. ಟೇಬಲ್ ಮೇಲೆ ನಿಮಗೆ ಯಾವ ಹಕ್ಕೂ ಇಲ್ಲದಿದ್ದರೆ, 00942 ಅಂತ ಸಂಖ್ಯೆ ಹಾಕಿ, ಅಂಥ ಟೇಬಲ್ಲೇ ಇಲ್ಲ ಅಂತ ಸಾಧಿಸುತ್ತೆ. ಯಜಮಾನರು ಮನೇಲಿಲ್ಲ ಅಂತ ಒಳಗಿಂದ ಯಜಮಾನರೇ ಹೇಳಿಸಿದ ಹಾಗೆ. ಅಲ್ಲಿ ಹೊಸಬರು ಟೇಬಲ್ ಹುಡುಕಿಕೊಂಡು ಅರ್ಧ ದಿನ ಕಳೀತಾರೆ.

– ಬೆಂಗಳೂರು

*

ಮರು: ಮರು:

ಹಂಗಾರ ‘ಹಕ್ಕು ಕೊಟ್ಟಿಲ್ಲ’ ಅಂತ ಬರೀರಿ ಮೇಡಂ. ಯಾರಿಗೆ ಕೇಳಬೇಕು ಅನ್ನೂದನ್ನೂ ಅದರಾಗ ಹೇಳ್ರಿ, ಇಲ್ಲಾಂದ್ರ ಮತ್ತೊಂದು ಲೆಟರ್‌ಹೆಡ್ ಹಾಳು.

– ಧಾರವಾಡ

*

ಮರು: ಮರು:

‘ಕೊಟ್ಟಿಲ್ಲ’ ಎಂಬಲ್ಲಿಯೂ ಕೊಡದಿರುವ ಕರ್ತೃವೊಬ್ಬ ಇದ್ದಾನೆ. ‘ಹಕ್ಕಿಲ್ಲ’ ಎಂದರೆ ಕರ್ತೃವಿನ ಪ್ರಶ್ನೆಯೇ ಏಳದು. ವಿಶೇಷಾಧಿಕಾರದ ಕುರಿತ ನನ್ನ ಅಭಿಪ್ರಾಯ ಬದಲಾಗಿಲ್ಲ.

– ಉಡುಪಿ

*

ಮರು: ಮರು:

ಎಲ್ಲರಿಗೂ ವಂದನೆ. ಬೆಳಗ್ಗೆ ಕಳಿಸಿದ್ದು ಹೀಗೆ: ಪ್ರಿವಿಲೇಜ್, ಪರ್ಮಿಷನ್ ಎರಡಕ್ಕೂ ‘ಹಕ್ಕು’, ರೋಲ್‌ಗೆ ‘ಹುದ್ದೆ’, ಗ್ರಾಂಟ್‌ಗೆ ‘ಹಕ್ಕು ಕೊಡು’, ಓನರ್‌ಗೆ ‘ಒಡೆಯ’. ಅಡ್ಮಿನ್ ಅಡ್ಮಿನ್ನೇ ಆಗಿ ಉಳಿಯಿತು. ವಾಟ್ಸಾಪ್ ಗುಂಪಿನಿಂದಾಗಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಉಡುಪಿಯವರ ‘ಹಕ್ಕಿಲ್ಲ’ ಸರಿಯಾಗಿದೆ, ಆದರೆ ಪರದೆಯ ಮೇಲೆ ಹಾಕಿ ನೋಡಿದರೆ ಬೈದ ಹಾಗೆ ಕೇಳಿಸಿತು, ‘ನಿನಗೇನು ಹಕ್ಕಿದೆ’ ಎಂಬ ಧಾಟಿ. ಅದಕ್ಕೇ ಕೊನೆಗೆ ಹೋದ ಸಾಲು:

‘ಈ ಕೆಲಸದ ಹಕ್ಕನ್ನು ನಿಮ್ಮ ಲಾಗಿನ್‌ಗೆ ಇನ್ನೂ ಕೊಟ್ಟಿಲ್ಲ. ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ.’

‘ಇನ್ನೂ’ ನನ್ನದು. ಕಾರ್ಯದರ್ಶಿಯವರಿಗೆ ಓದಿ ಹೇಳಿದೆ. “ಹಂಗಂದಿದ್ರೆ ನಾನ್ಯಾಕಮ್ಮ ಲೆಟರ್ ಬರೀತಿದ್ದೆ” ಅಂದರು.

– ತುಮಕೂರು

*

ಮರು: ಮರು:

‘ಲಾಗಿನ್’ಗೆ ಕನ್ನಡದಲ್ಲಿ ಪದವಿಲ್ಲವೇ?

– ಮಯ್ಸೂರು