ಒಣಗುಡ್ಡದ ಬಿಳಿ ಹೂಬಳ್ಳಿ ಯಾವುದು? ಕ್ಯಾಲಿಫೋರ್ನಿಯಾ ಕನ್ನಡಿಗರಿಂದ ಸಸ್ಯತಜ್ಞೆಗೆ ಪ್ರಶ್ನೆಗಳು

ಫ್ರೀಮಾಂಟ್ ಸದಸ್ಯ: ಮೇಡಂ, ಮೌಂಟ್ ಡಯಾಬ್ಲೊ ಇಳಿಜಾರಿನ ಕುರುಚಲು ಗಿಡಗಳ ಮೇಲೆ ಹಬ್ಬಿದ ಬಳ್ಳಿ. ಮಾರ್ಚ್‌ನಲ್ಲಿ ಕೆನೆಬಣ್ಣದ ಹೂ, ನಾಲ್ಕು ಎಸಳು, ನಡುವೆ ಕೇಸರಗಳ ಕುಚ್ಚು. ಎಲೆ ಮೂರು ಮೂರು. ಹೆಸರೇನು?

ಸಸ್ಯತಜ್ಞೆ: ಕ್ಲೆಮ್ಯಾಟಿಸ್ ಲೇಸಿಯಾಂತಾ. ಎಲೆತೊಟ್ಟೇ ಸುತ್ತಿಕೊಂಡು ಆಸರೆ ಹಿಡಿಯುತ್ತದೆ. ಹೊಳೆಬದಿಯಲ್ಲಿ, ಬೇಸಿಗೆಯಲ್ಲಿ, ಸಣ್ಣ ಹೂ ಗೊಂಚಲು ಗೊಂಚಲಾಗಿ ಬಿಟ್ಟು, ಐದೇಳು ಕಿರುಎಲೆ ಇದ್ದರೆ ಅದು ಕ್ಲೆಮ್ಯಾಟಿಸ್ ಲಿಗಸ್ಟಿಸಿಫೋಲಿಯಾ.

ಸ್ಯಾನ್ ಹೋಸೆ ಸದಸ್ಯ: ಮೂರೆಲೆ ಅಂದ್ರೆ ಪಾಯ್ಸನ್ ಓಕ್, ಮೈಗೆ ತಾಗಿದರೆ ತುರಿಕೆ ಬರಿಸೋ ಗಿಡ. ಮುಟ್ಟಲೇಬೇಡಿ.

ಡಬ್ಲಿನ್ ಸದಸ್ಯೆ: ಮೂರೆಲೆಯದ್ದೆಲ್ಲ ಪಾಯ್ಸನ್ ಓಕ್ ಅಲ್ಲ. ಆ ಮೂರು ಕಿರುಎಲೆ ಸೇರಿದರೇ ಒಂದು ಎಲೆ. ಗೆಣ್ಣು ನೋಡಿ. ಕ್ಲೆಮ್ಯಾಟಿಸ್‌ಗೆ ಒಂದೇ ಗೆಣ್ಣಿನಲ್ಲಿ ಎದುರುಬದುರು ಎರಡು ಎಲೆ. ಪಾಯ್ಸನ್ ಓಕ್‌ಗೆ ಗೆಣ್ಣಿಗೊಂದೇ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ.

ಸ್ಯಾನ್ ಹೋಸೆ ಸದಸ್ಯ: ಗೆಣ್ಣು ನೋಡೋಕೆ ಹತ್ತಿರ ಹೋಗೋಷ್ಟರಲ್ಲಿ ಮೈಗೆ ತಾಗಿರುತ್ತೆ. ಮಕ್ಕಳಿರೋ ಗುಂಪಿಗೆ ಇದೇನು ಸಲಹೆ?

ಸಸ್ಯತಜ್ಞೆ: ಎರಡೂ ಒಂದೇ ಪೊದೆಯಲ್ಲಿ ಹೆಣೆದುಕೊಂಡಿರುವುದುಂಟು. ದೂರದಿಂದ ಫೋಟೊ ತೆಗೆದು ಹಿಗ್ಗಿಸಿ ಗೆಣ್ಣು ನೋಡಿ.

ಸ್ಯಾನ್ ಡಿಯೇಗೊ ಸದಸ್ಯೆ: ನಮ್ಮ ಕಡೆ ಗುಡ್ಡದಲ್ಲಿ ಮಾಡಹಾಗಲಕಾಯಿ ಸಿಕ್ಕಿದೆ! ಹಸಿರು, ಮೈತುಂಬಾ ಮುಳ್ಳು. ಗಿಡ ಗುರುತಿಸೋ ಆಪ್ ‘ವೈಲ್ಡ್ ಕುಕುಂಬರ್’ (ಕಾಡುಸೌತೆ) ಅಂತಿದೆ. ಒಂದು ಚೀಲ ತಂದಿದೀವಿ. ಪಲ್ಯ ಮಾಡಬಹುದಾ?

ಸಸ್ಯತಜ್ಞೆ: ಬೇಡ. ಒಲೆ ಹಚ್ಚಿದ್ದರೆ ಆರಿಸಿ. ಇದು ಮಾರಾ ಮ್ಯಾಕ್ರೊಕಾರ್ಪಾ. ಸೌತೆ, ಹಾಗಲಗಳ ಕುಟುಂಬದ್ದೇ, ಆದರೆ ತಿನ್ನುವಂಥದ್ದಲ್ಲ. ಮಾಡಹಾಗಲದ ಹೂ ಹಳದಿ, ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಇದರದ್ದು ಪುಟ್ಟ ಬಿಳಿ ಹೂ. ಒಂದೇ ಎಲೆಕಂಕುಳಲ್ಲಿ ಗಂಡು ಹೂಗಳ ತೆನೆ, ಜೊತೆಗೊಂದು ಒಂಟಿ ಹೆಣ್ಣು ಹೂ. ಮಾಡಹಾಗಲದ ಮುಳ್ಳು ಬೆರಳಿಗೆ ಮೆತ್ತಗೆ ಬಾಗುತ್ತದೆ, ಇದು ಚುಚ್ಚುತ್ತದೆ. ಒಳಗೆ ದಪ್ಪ ದಪ್ಪ ಬೀಜ.

ವಿಷ ಇರುವುದು ಕಹಿಯಲ್ಲೇ: ಕುಕುರ್ಬಿಟಾಸಿನ್. ಉಪ್ಪು ಹಚ್ಚಿ ಹಿಂಡಿದರೂ, ಹುಣಸೆ–ಬೆಲ್ಲ ಹಾಕಿ ಬೇಯಿಸಿದರೂ ಕಾಯಿ ತಿನ್ನುವಂತಾಗುವುದಿಲ್ಲ. ಬೇರೆಯವರು ಮೊದಲ ತುತ್ತಿಗೇ ಉಗುಳುತ್ತಾರೆ. ನಾವು ಹಾಗಲದ ಗೊಜ್ಜು ಉಂಡವರು, ಕಹಿ ಅಂದರೆ ಆರೋಗ್ಯ ಅಂದುಕೊಂಡು ನುಂಗುತ್ತೇವೆ. ನನಗಿರುವ ಭಯವೇ ಅದು. ವಾಂತಿ, ಹೊಟ್ಟೆನೋವು, ಭೇದಿ ಆಗಬಹುದು. ಇಲ್ಲಿನ ಮೂಲನಿವಾಸಿಗಳು ಈ ಬಳ್ಳಿಯನ್ನು ಜಜ್ಜಿ ನೀರಿಗೆ ಹಾಕಿ ಮೀನಿಗೆ ಮತ್ತು ಬರಿಸುತ್ತಿದ್ದರು. ಯಾರಾದರೂ ತಿಂದಿದ್ದರೆ ಕಾಯುತ್ತ ಕೂರಬೇಡಿ, ಅಮೆರಿಕದ ವಿಷ ಸಹಾಯವಾಣಿ ಪಾಯ್ಸನ್ ಕಂಟ್ರೋಲ್‌ಗೆ ಫೋನ್ ಮಾಡಿ: 1-800-222-1222.



ಸನಿವೇಲ್ ಸದಸ್ಯ: ಫಾರ್ವರ್ಡ್ ಬಂದಿದೆ: ಕಾಡುಹಾಗಲದ ಗೆಡ್ಡೆರಸ ಖಾಲಿ ಹೊಟ್ಟೆಗೆ ಕುಡಿದರೆ ಶುಗರ್ ಇಳಿಯುತ್ತಂತೆ. ಈ ಮಾರಾಕ್ಕೂ ಗೆಡ್ಡೆ ಇದೆಯಲ್ಲ?

ಸಸ್ಯತಜ್ಞೆ: ಇದೆ, ಭಾರಿ ಗೆಡ್ಡೆ. ಅದೂ ಅಷ್ಟೇ ಕಹಿ. ಕುಡಿಯಬೇಡಿ, ಕುಡಿಸಬೇಡಿ. ಆ ಫಾರ್ವರ್ಡ್ ಅಳಿಸಿ.

ಸನಿವೇಲ್ ಸದಸ್ಯ: ಕೇಳಿದ್ದಷ್ಟೇ. ನಮ್ಮ ಹಿರಿಯರಿಗೆ ಏನೂ ಗೊತ್ತಿರಲಿಲ್ಲವಾ?

ಡಬ್ಲಿನ್ ಸದಸ್ಯೆ: ನಮ್ಮ ಹಿರಿಯರು ಈ ಬಳ್ಳಿ ಕಂಡೇ ಇರಲಿಲ್ಲ ಸಾರ್. ಇದು ಬೆಳೆಯೋದು ಅಮೆರಿಕದ ಈ ಪಶ್ಚಿಮ ಕಡೆ.

ಸನಿವೇಲ್ ಸದಸ್ಯ: ನಿಮ್ಮನ್ನು ಕೇಳಲಿಲ್ಲ.

ಸ್ಯಾನ್ ಡಿಯೇಗೊ ಸದಸ್ಯೆ: ಮೇಡಂ, ಒಂದು ಹೋಳು ನೆಕ್ಕಿ ಉಗುಳಿದೆ. ಭಯ ಆಗ್ತಿದೆ.

ಸಸ್ಯತಜ್ಞೆ: ಬಾಯಿ ಮುಕ್ಕಳಿಸಿ ಆ ನಂಬರಿಗೆ ಈಗಲೇ ಫೋನ್ ಮಾಡಿ. ಗುರುತಿಗೆ ಒಂದು ಕಾಯಿ ಎತ್ತಿಟ್ಟುಕೊಂಡು, ಉಳಿದದ್ದನ್ನು ಮಕ್ಕಳ ಕೈಗೆ, ನಾಯಿಯ ಬಾಯಿಗೆ ಸಿಗದಂತೆ ಕಸಕ್ಕೆ ಹಾಕಿ. ಚಾಕು, ಮಣೆ ಸೋಪು ಹಾಕಿ ತೊಳೆಯಿರಿ.

ಮಿಲ್ಪಿಟಾಸ್ ಸದಸ್ಯ: ಮೂರೆಲೆ, ಬಿಳಿ ಹೂ. ಯಾವ ಬಳ್ಳಿ ಇದು?

ಸಸ್ಯತಜ್ಞೆ: ಮೇಲಿದೆ, ಓದಿ.